ಹುಳದ ಬೆನ್ನಲ್ಲಿ ನಾಡಿ

ಮೊನ್ನೆ ಚಾಮರಾಜನಗರದಲ್ಲಿ ನಮ್ಮ ಮೇಡಂ ಅವರ ನಿವೃತ್ತಿ ಸಮಾರಂಭವಿತ್ತು. ಶಾಲು, ಹಾರ, ಮೈಸೂರು ಪೇಟ ಎಲ್ಲ ಮುಗಿದ ಮೇಲೆ ಶಿಷ್ಯರ ಪರವಾಗಿ ಎರಡು ಮಾತಾಡಿ ಎಂದು ಯಾರೋ ನನ್ನ ಕೈಗೆ ಮೈಕು ತುರುಕಿದರು. ಬೆಳಗಿನಿಂದ ಸಂಜೆವರೆಗೆ ಅಂಗಡಿಯಲ್ಲಿ ಗಂಟಲು ಹರಿದುಕೊಳ್ಳುವ ನನಗೆ ಆ ಹೊತ್ತಿನಲ್ಲಿ ನಾಲಿಗೆಯೇ ಹೊರಳಲಿಲ್ಲ. ‘ಮೇಡಂ ತುಂಬಾ ಒಳ್ಳೆಯವರು’ ಎಂದೆ. ವೇದಿಕೆಯ ಮೇಲೆ ಪೇಟ ಓರೆಯಾಗಿ ಕೂತಿದ್ದ ಮೇಡಂ, ‘ಅಷ್ಟೇನಾ?’ ಎಂದು ಜೋರಾಗಿ ಕೇಳಿದರು. ಸಭೆಯೆಲ್ಲ ಹೋ ಎಂದು ನಕ್ಕಿತು. ನಾನು ಮೈಕು ಇಟ್ಟು ಬಂದು ಕೂತೆ.

ಅಷ್ಟೇ ಅಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆಯುತ್ತೇನೆ ಎಂದು ಫೋನು ಮಾಡಿದಾಗ ಅವರು ಒಂದೇ ಷರತ್ತು ಹಾಕಿದರು: ‘ನನ್ನ ಹೆಸರು ಹಾಕಬೇಡಿ. ಹೆಸರು ಹಾಕಿದರೆ ಓದೋರು ನನ್ನನ್ನು ನೋಡ್ತಾರೆ, ಹುಳನ ಬಿಟ್ಬಿಡ್ತಾರೆ.’ ಹಾಗಾಗಿ ಮೇಡಂ ಎಂದಷ್ಟೇ ಕರೆಯುತ್ತೇನೆ. ನಮ್ಮ ಔಷಧಿ ಅಂಗಡಿಯವರ ಬಾಯಲ್ಲಿ ಅವರು ‘ನರದ ಮೇಡಂ’. ಆ ಹೆಸರು ಅವರಿಗೂ ಗೊತ್ತು, ಅದರ ಬಗ್ಗೆ ಅವರಿಗೆ ಒಳಗೊಳಗೇ ಖುಷಿಯಿದೆ.

ನಮ್ಮ ಕಡೆ ಕೀಟನಾಶಕವನ್ನು ಕೀಟನಾಶಕ ಎಂದು ಕರೆಯುವ ರೈತ ನನಗಿನ್ನೂ ಸಿಕ್ಕಿಲ್ಲ. ಅದು ಔಷಧಿ. ಅದನ್ನು ಮಾರುವುದು ಔಷಧಿ ಅಂಗಡಿ. ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಮುಖ ಮಾಡಿಕೊಂಡು ನನ್ನದೊಂದು ಅಂತಹ ಅಂಗಡಿ ಇದೆ. ಚೆಂಡುಹೂವಿನ ಕಾಲದಲ್ಲಿ ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುವ ಊಟಿ ಪ್ರವಾಸಿಗರು ನನ್ನ ಅಂಗಡಿಗೆ ಬಂದು ನೀರಿನ ಬಾಟಲಿ ಕೇಳುತ್ತಾರೆ. ಇಲ್ಲಿ ಕುಡಿಯುವಂಥದ್ದು ಏನೂ ಇಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಕೆಲವು ವರ್ಷಗಳ ಹಿಂದೆ, ಕೃಷಿ ಓದದೆ ಔಷಧಿ ಮಾರುವವರೆಲ್ಲ ಒಂದು ಕೋರ್ಸು ಮಾಡಲೇಬೇಕು, ಇಲ್ಲದಿದ್ದರೆ ಲೈಸೆನ್ಸಿಗೆ ಕುತ್ತು ಎಂಬ ನಿಯಮ ಬಂತು. ನಾನು ಓದಿದ್ದು ಬಿ.ಕಾಂ. ಹೀಗೆ ತಲೆ ನರೆತ, ಹೊಟ್ಟೆ ಬಂದ ಅಂಗಡಿಯವರೆಲ್ಲ ಭಾನುವಾರ ಭಾನುವಾರ ಚಾಮರಾಜನಗರದ ತರಬೇತಿ ಕೇಂದ್ರದಲ್ಲಿ ಮಕ್ಕಳ ಹಾಗೆ ಬೆಂಚಿನ ಮೇಲೆ ಕೂರಬೇಕಾಯಿತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಕುದೇರಿನ ಗುರುಮಲ್ಲು. ಅವನದೂ ಔಷಧಿ ಅಂಗಡಿ. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ.

ಕೀಟಗಳ ಪಾಠಕ್ಕೆ ಮೇಡಂ ಬಂದರು. ಗಿಡ್ಡ ಆಳು, ಕಾಟನ್ ಸೀರೆ, ತುರುಬಿಗೆ ಸಿಕ್ಕಿಸಿದ ಪೆನ್ನು, ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ. ಬಂದವರೇ ನಮಸ್ಕಾರ ಹೇಳುವುದನ್ನೂ ಮರೆತು ಒಂದು ಪ್ರಶ್ನೆ ಎಸೆದರು.

‘ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಗೆ ರಶ್ ಬಸ್ಸು ಬಂತು. ಬಾಗಿಲಲ್ಲಿ ಹತ್ತೋಕಾಗಲ್ಲ. ಏನು ಮಾಡ್ತೀರಿ?’

ನಮಗೆಲ್ಲ ಇದು ಪರೀಕ್ಷೆಗೆ ಬರುವ ಪ್ರಶ್ನೆಯೋ ಏನೋ ಎಂಬ ಭಯ. ಕೊನೆಗೆ ಗುರುಮಲ್ಲು, ‘ಕಿಟ್ಕೀಲಿ ಟವಲ್ ಎಸೀತೀವಿ ಮೇಡಂ, ಸೀಟ್ಗೆ’ ಎಂದ.

ಮೇಡಂ ಒಂದು ಚಪ್ಪಾಳೆ ತಟ್ಟಿದರು. ಒಂದೇ. ಅದು ಅವರ ಅಭ್ಯಾಸ. ಬೇಕಾದ ಉತ್ತರ ಬಂದ ತಕ್ಷಣ ಪಟ್ ಎಂದು ಒಂದು ಚಪ್ಪಾಳೆ, ಆಮೇಲೆ ಕಣ್ಣು ಅರಳಿಸಿ, ‘ಬಂತು! ಬಂತು!’ ಎನ್ನುವುದು. ‘ನೀವು ಮಾರೋ ಅರ್ಧ ಔಷಧಿ ಮಾಡೋ ಕೆಲಸ ಇಷ್ಟೇ. ಸೀಟಿನ ಜಗಳ!’

ಆಮೇಲೆ ಆ ಕ್ಲಾಸಿನಲ್ಲಿ ಆದದ್ದು ನಾಟಕ. ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿಸಿದರು. ನಡುವೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಿದರು. ಹುಳದ ಮೈಯಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲವಂತೆ, ನಡುವೆ ಕೂದಲೆಳೆಗಿಂತ ಸಣ್ಣ ಸಂದು. ಈ ಕಡೆಯ ನರಕೋಶ ಸುದ್ದಿ ಕಳಿಸಬೇಕಾದರೆ ಅಸಿಟೈಲ್‌ಕೋಲಿನ್ ಎಂಬ ರಸಾಯನವನ್ನು ಆ ಸಂದಿಗೆ ಬಿಡುತ್ತದೆ. ಅದೇ ಪ್ರಯಾಣಿಕ. ಆ ಕಡೆಯ ನರಕೋಶದ ಮೈಮೇಲೆ ಅದು ಬಂದು ಕೂರುವುದಕ್ಕೆಂದೇ ಜಾಗಗಳಿವೆ. ಪುಸ್ತಕದಲ್ಲಿ ಅವಕ್ಕೆ ಗ್ರಾಹಕಗಳು ಎಂದು ಹೆಸರು, ನಮ್ಮ ಕ್ಲಾಸಿನಲ್ಲಿ ಅವು ಸೀಟುಗಳು. ಪ್ರಯಾಣಿಕ ಕೂತ ತಕ್ಷಣ ಗಂಟೆ ಬಾರಿಸುತ್ತಾನೆ, ಸುದ್ದಿ ಮುಂದಕ್ಕೆ ಓಡುತ್ತದೆ, ಹುಳ ಕಾಲು ಎತ್ತುತ್ತದೆ ಅಥವಾ ಎಲೆ ಕಚ್ಚುತ್ತದೆ. ಕೂತವನನ್ನು ಕೂಡಲೇ ಎಬ್ಬಿಸಿ ಇಳಿಸುವುದಕ್ಕೆ ಒಬ್ಬ ಕಂಡಕ್ಟರ್ ಬೇರೆ ಇದ್ದಾನೆ. ಅವನೊಂದು ಕಿಣ್ವ.

‘ಈಗ ಹಳೇ ಕಾಲದ ಘಾಟು ಔಷಧಿ’ ಎಂದು ಹೇಳಿ ಕಂಡಕ್ಟರ್ ಆಗಿದ್ದ ಗುರುಮಲ್ಲುವಿನ ಎರಡೂ ಕೈಗಳನ್ನು ಅವನದೇ ಟವಲಿನಿಂದ ಕಟ್ಟಿಸಿದರು. ಕೂತವರು ಏಳುವುದಿಲ್ಲ, ಗಂಟೆ ನಿಲ್ಲುವುದಿಲ್ಲ, ಹುಳ ನಡುಗಿ ನಡುಗಿ ಸಾಯುತ್ತದೆ. ‘ಈಗ ಹೊಸ ಕಾಲದ್ದು, ಬಿಳಿನೊಣಕ್ಕೆ ನೀವು ಕೊಡೋದು’ ಎಂದು ಗುರುಮಲ್ಲುವಿನ ಕೈ ಬಿಚ್ಚಿಸಿ, ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಈ ಔಷಧಿ ನೋಡಲು ಪ್ರಯಾಣಿಕನ ಹಾಗೇ ಇರುತ್ತದಂತೆ. ಬಂದು ಸೀಟಿನಲ್ಲಿ ಕೂತುಬಿಡುತ್ತದೆ, ಕಂಡಕ್ಟರ್ ಎಷ್ಟು ಎಳೆದರೂ ಏಳುವುದಿಲ್ಲ, ಕೂತಲ್ಲೇ ಗಂಟೆ ಹೊಡೆಯುತ್ತಲೇ ಇರುತ್ತದೆ. ನನ್ನ ಗಾತ್ರ ನೋಡಿಯೇ ಆ ಪಾತ್ರ ಕೊಟ್ಟರು ಎಂದು ನನಗೆ ಈಗಲೂ ಅನುಮಾನ. ನಾನು ಕೇಂದ್ರದ ಹಿತ್ತಾಳೆ ಗಂಟೆ ಹಿಡಿದು ಬಾರಿಸಿದ್ದೇ ಬಾರಿಸಿದ್ದು. ಊಟದ ಗಂಟೆ ಹೊಡೆಯಿತೆಂದು ಪಕ್ಕದ ಕೋಣೆಯ ತರಬೇತಿಯವರೆಲ್ಲ ತಟ್ಟೆ ಹಿಡಿದು ಹೊರಗೆ ಬಂದುಬಿಟ್ಟರು.

‘ಮೂರನೇ ಜಾತಿ ನೋಡಿ’ ಎಂದು ಮೇಡಂ ಗುರುಮಲ್ಲುವಿನ ಅದೇ ಟವಲನ್ನು ದೂರದಿಂದ ಖಾಲಿ ಕುರ್ಚಿಗೆ ಎಸೆದರು. ‘ಇದು ಕೂರಲ್ಲ, ಗಂಟೆ ಹೊಡೆಯಲ್ಲ. ಸುಮ್ಮನೆ ಸೀಟು ಹಿಡೀತದೆ. ಪ್ರಯಾಣಿಕ ಬಂದು ನೋಡ್ತಾನೆ, ಜಾಗ ಇಲ್ಲ, ವಾಪಸ್ ಹೋಗ್ತಾನೆ. ಸುದ್ದಿ ಮುಂದಕ್ಕೆ ಹೋಗಲ್ಲ. ಹುಳ ಒದ್ದಾಡೋದೇ ಇಲ್ಲ, ಮೆತ್ತಗೆ ಬಿದ್ದುಬಿಡ್ತದೆ.’

ಇದು ಸಮುದ್ರದ ಹುಳವೊಂದರಿಂದ ಕಲಿತ ವಿದ್ಯೆಯಂತೆ. ಜಪಾನಿನ ಬೆಸ್ತರು ಗಾಳಕ್ಕೆ ಚುಚ್ಚುವ ಆ ಹುಳದ ಮೇಲೆ ಕೂತ ನೊಣ ಬಿದ್ದುಹೋಗುವುದನ್ನು ಯಾರೋ ಗಮನಿಸಿದರಂತೆ. ಭತ್ತದ ಕಾಂಡಕೊರಕಕ್ಕೆ ನಾವು ಮಾರುವ ಕಾರ್ಟಾಪ್ ಅದೇ ವಿಷದ ತಮ್ಮ. ಇದನ್ನು ಹೇಳುವಾಗ ಮೇಡಂ ಮಾತು ಪುಸ್ತಕದ ಕನ್ನಡದಿಂದ ಜಾರಿ ಅವರ ಊರಿನ ಭಾಷೆಗೆ ಇಳಿದಿತ್ತು. ಅವರು ಹುಟ್ಟಿದ್ದು ಯಳಂದೂರಿನ ಕಡೆ. ಉತ್ಸಾಹ ಮೇಲೇರಿದಂತೆ ಭಾಷೆ ಕೆಳಗಿಳಿಯುತ್ತಿತ್ತು. ‘ಒಂದು ನೊಣ ಬಿದ್ದುದ್ದ ನೋಡ್ಬುಟ್ಟು ಇಷ್ಟೆಲ್ಲ ಕಂಡ್ಹಿಡುದ್ರು ಕಣ್ರಲಾ! ನಾವು ದಿನಾ ಎಷ್ಟ್ ನೊಣ ನೋಡೀವಿ!’ ಐವತ್ತು ದಾಟಿದ ಅಂಗಡಿ ಮಾಲೀಕರನ್ನೆಲ್ಲ ಲಾ ಎಂದು ಕರೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಮಗೂ ಬೇಜಾರಾಗಲಿಲ್ಲ.

ಕೋರ್ಸು ನಡೆಯುತ್ತಿದ್ದಾಗಲೇ ಅವರು ನನ್ನ ಅಂಗಡಿಗೆ ಬರಲು ಶುರು ಮಾಡಿದರು. ಗುಂಡ್ಲುಪೇಟೆ ಕಡೆಗೆ ಏನೇ ಕೆಲಸವಿರಲಿ, ನನ್ನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋಗದೆ ಇರುತ್ತಿರಲಿಲ್ಲ. ಅದು ನನ್ನ ವ್ಯಾಪಾರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ನನಗೆ ತೀರ್ಮಾನ ಮಾಡಲಾಗಿಲ್ಲ.

ಒಂದು ಬೆಳಿಗ್ಗೆ ಟೊಮೆಟೊ ಬೆಳೆದ ರೈತನೊಬ್ಬ ಖಾಲಿ ಬಾಟಲಿ ಹಿಡಿದು ಬಂದ. ‘ಸಾಮಿ, ಇದುಕ್ಕೆ ಬಿಳಿನೊಣ ಬಗ್ತಾ ಇಲ್ಲ. ಬ್ಯಾರೇದ್ ಕೊಡಿ, ಗಟ್ಟೀದ್ ಕೊಡಿ’ ಎಂದ. ನಾನು ಬೇರೆ ಕಂಪನಿಯ ಹೊಸ ಬಣ್ಣದ ಬಾಟಲಿ ತೆಗೆದಿಟ್ಟೆ. ಮೇಡಂ ಎರಡನ್ನೂ ತೆಗೆದುಕೊಂಡು ಭೂತಗನ್ನಡಿ ಹಿಡಿದು ಲೇಬಲ್ಲಿನ ಮೂಲೆಯ ಸಣ್ಣಕ್ಷರ ಓದಿದರು.

‘ಬಾಟ್ಲಿ ಬೇರೆ, ಸೀಟು ಒಂದೇ’ ಎಂದರು.

ಆಮೇಲೆ ಆ ರೈತನಿಗೆ ಅಲ್ಲೇ ಪಾಠ. ಬಿಳಿನೊಣಗಳ ಗುಂಪಿನಲ್ಲಿ ಯಾವುದೋ ಒಂದೆರಡಕ್ಕೆ ಹುಟ್ಟುತ್ತಲೇ ಸೀಟಿನ ಆಕಾರ ಸ್ವಲ್ಪ ಸೊಟ್ಟಗಿರುತ್ತದೆ. ಔಷಧಿ ಬಂದು ಕೂರಲು ನೋಡುತ್ತದೆ, ಜಾರುತ್ತದೆ. ಬೇರೆ ನೊಣಗಳೆಲ್ಲ ಸತ್ತು ಆ ಸೊಟ್ಟ ಸೀಟಿನವು ಉಳಿದು ಮೊಟ್ಟೆ ಇಟ್ಟರೆ, ಮುಂದೆ ಹೊಲದ ತುಂಬ ಸೊಟ್ಟ ಸೀಟಿನವೇ. ಅದೇ ಸೀಟಿಗೆ ಕೂರುವ ಔಷಧಿಯನ್ನು ಯಾವ ಬಣ್ಣದ ಬಾಟಲಿಯಲ್ಲಿ ಕೊಟ್ಟರೂ ಅದು ನೀರು ಹೊಯ್ದ ಹಾಗೆ. ಬೇರೆ ಕಡೆ ಕೆಲಸ ಮಾಡುವ ಔಷಧಿ ಬೇಕು, ಅದನ್ನೂ ಪದೇ ಪದೇ ಹೊಡೆಯಬಾರದು. ರೈತ ಬಾಯಿ ಬಿಟ್ಟುಕೊಂಡು ಕೇಳಿದ. ‘ಅಂಗಾರೆ ನಮ್ಗೂ ನರ ಅವಲ್ಲವ್ವ, ನಮ್ಮೊಳ್ಗೂ ಸೀಟ್ ಅವಾ?’ ಎಂದ.

ಪಟ್ ಎಂದು ಚಪ್ಪಾಳೆ. ‘ಅವೆ ಕಣಪ್ಪಾ! ನಿಮ್ ಸೀಟು ಬ್ಯಾರೆ ಅಳತೇದು, ಈ ಔಷಧಿಗೆ ಅಷ್ಟಾಗಿ ಒಗ್ಗಲ್ಲ. ಅದುಕ್ಕೇ ಹುಳ ಮೊದ್ಲು ಬೀಳೋದು. ಆದ್ರೆ ಅಷ್ಟಾಗಿ ಒಗ್ಗಲ್ಲ ಅಂದ್ರೆ ಒಗ್ಗೋದೇ ಇಲ್ಲ ಅಂತಲ್ಲ. ಮೂಗು ಬಾಯಿ ಕಟ್ಕಂಡು ಹೊಡೀರಿ!’

ಅವನು ಹೋದ ಮೇಲೆ ನಾನು, ‘ಮೇಡಂ, ನೀವು ಹೀಗೇ ಬಂದು ಕೂತರೆ ನಾನು ಟೀ ಅಂಗಡಿ ಇಡಬೇಕಾಗುತ್ತೆ’ ಎಂದೆ. ‘ಇಡಿ, ದಿನಾ ಬರ್ತೀನಿ’ ಎಂದರು. ಆ ರೈತ ಮುಂದೆ ತನ್ನ ಊರಿನ ಅರ್ಧ ಜನರನ್ನು ನನ್ನ ಅಂಗಡಿಗೆ ಕರೆತಂದ. ‘ಸೀಟಿನ ಅಂಗಡಿ ಇದೇನಾ?’ ಎಂದು ಕೇಳಿಕೊಂಡು ಬರುತ್ತಿದ್ದರು.

ಕೋರ್ಸಿನವರೆಲ್ಲ ಒಂದು ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಬೆಟ್ಟದ ಬುಡದಲ್ಲಿ ನಮ್ಮ ಗಾಡಿ ಬಿಟ್ಟು ಬಸ್ಸು ಹತ್ತಿ ಮೇಲೆ ಹೋದರೆ ಮಂಜೋ ಮಂಜು. ದರ್ಶನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಮಂಜು ಸರಿದು ಎದುರು ಇಳಿಜಾರಿನಲ್ಲಿ ಆನೆ ಹಿಂಡು ಕಂಡಿತು. ಎಲ್ಲರೂ ಮೊಬೈಲ್ ಎತ್ತಿದರು. ಮೇಡಂ ಮಾತ್ರ ಆನೆಗಳಿಗೆ ಬೆನ್ನು ಮಾಡಿ ಹುಲ್ಲಿನಲ್ಲಿ ಮಂಡಿಯೂರಿ ಕೂತಿದ್ದರು. ನಾನು ಗಾಬರಿಯಿಂದ ಹತ್ತಿರ ಹೋದೆ.

‘ಆನೆ ಮೇಡಂ, ಆನೆ!’

‘ಇರಲಿ ಇರಲಿ. ಇಲ್ಲಿ ನೋಡಿ, ಜೇನು!’

ಒಂದು ಸಣ್ಣ ಹೂವಿನ ಮೇಲೆ ಒಂದೇ ಒಂದು ಜೇನುಹುಳ. ಅದು ಎಷ್ಟು ದೂರ ಹೋದರೂ ತನ್ನ ಗೂಡಿನ ದಾರಿ ಮರೆಯುವುದಿಲ್ಲ, ಆ ನೆನಪು ನಡೆಯುವುದೂ ಇದೇ ಸೀಟುಗಳಿಂದ ಎಂದರು. ಅದು ಕೂತ ಹೂವಿನಲ್ಲಿ ನಮ್ಮ ಔಷಧಿ ಚೂರೇ ಚೂರು ಇದ್ದರೆ ಅದು ಸಾಯುವುದಿಲ್ಲ, ಆದರೆ ಮನೆಯ ದಾರಿ ತಪ್ಪುತ್ತದೆಯಂತೆ. ‘ಒಳ್ಳೇ ಹುಳ, ಕೆಟ್ಟ ಹುಳ ಅಂತ ಪಟ್ಟಿ ಮಾಡಿರೋದು ನಾವು. ಸೀಟಿಗೇನು ಗೊತ್ತು?’ ಎಂದು ಎದ್ದು ಮಂಡಿಯ ಮಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಆನೆಗಳು ಮಂಜಿನೊಳಗೆ ಹೋಗಿದ್ದವು. ಅವರಿಗೆ ಅದರ ಬಗ್ಗೆ ಯಾವ ಬೇಸರವೂ ಇರಲಿಲ್ಲ.

ಇದೆಲ್ಲ ಮೇಡಂ ಅವರ ತಮಾಷೆಯ ಮುಖ. ಆ ಉತ್ಸಾಹಕ್ಕೆ ಎಷ್ಟು ಬೆಲೆ ಎಂಬುದು ನನಗೆ ತಿಳಿದದ್ದು ಕುದೇರಿನಲ್ಲಿ.

ಅದೂ ಒಂದು ಭಾನುವಾರ. ಊಟದ ಬಿಡುವಿನಲ್ಲಿ ಎಲ್ಲರೂ ಬಿಸಿಬೇಳೆಬಾತು ತಿನ್ನುತ್ತಿದ್ದೆವು. ಗುರುಮಲ್ಲುವಿಗೆ ಅವನ ಅಕ್ಕನ ಫೋನು ಬಂತು. ಅಕ್ಕನ ಹೆಸರು ಪುಟ್ಟಮ್ಮಣ್ಣಿ. ಅದೇ ಊರಿಗೆ ಕೊಟ್ಟಿದ್ದಾರೆ. ರೇಷ್ಮೆ ಮಾಡೋಣ ಎಂದು ಹಟ ಹಿಡಿದು, ಮನೆಯ ಹಿಂದೆ ಹೊಸದಾಗಿ ಹುಳದ ಮನೆ ಕಟ್ಟಿಸಿ, ಅದರಲ್ಲಿ ಮೊದಲ ಬೆಳೆ ಎಬ್ಬಿಸಿದ್ದರು. ಆ ಹಟದಲ್ಲಿ ಗುರುಮಲ್ಲು ಅಕ್ಕನ ಪರ ನಿಂತಿದ್ದ. ಬೇಡ ಬೇಡ ಎನ್ನುತ್ತಿದ್ದ ಭಾವನನ್ನು ಒಪ್ಪಿಸಿದ್ದೂ ಅವನೇ. ಫೋನಿನಲ್ಲಿ ಅಕ್ಕನ ಅಳು ನನಗೇ ಕೇಳಿಸುತ್ತಿತ್ತು.

‘ಉಳ ಎಲ್ಲಾ ಸತ್ತೋದೊ ಕಣ್ಲಾ ಮಲ್ಲು! ನಿಮ್ ಭಾವ ಗುಂಡಿ ತೋಡ್ತಾವ್ರೆ!’

ಮೇಡಂ ಎಡಗೈಯಲ್ಲಿ ತಟ್ಟೆ ಹಿಡಿದೇ ಎದ್ದು ನಿಂತರು. ‘ಗುಂಡಿಗೆ ಹಾಕಬೇಡಿ ಅಂತ ಹೇಳಿ. ನಾವು ಬರೋವರೆಗೂ ಹಾಕಬೇಡಿ ಅಂತ ಹೇಳಿ!’ ಎಂದರು. ನನ್ನ ಹಳೇ ವ್ಯಾನಿನಲ್ಲಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಗುರುಮಲ್ಲು ಎಲೆ ಅಡಿಕೆ ಜಗಿಯುತ್ತಲೇ ಇದ್ದ.

ಹುಳದ ಮನೆಯೊಳಗೆ, ಹುಳ ಮೇಯಿಸುವ ಸ್ಟ್ಯಾಂಡಿನ ಮೇಲೆ ಹಿಪ್ಪುನೇರಳೆಯ ಕಡ್ಡಿ ಸೊಪ್ಪು ಹಾಗೇ ಇತ್ತು. ಅದರ ಮೇಲೆ, ಸಂದಿಯಲ್ಲಿ, ಬೆಳ್ಳನೆಯ ಹುಳಗಳು ಮಗ್ಗುಲಾಗಿ ಬಿದ್ದಿದ್ದವು. ಯಾವುದೂ ಅಲ್ಲಾಡುತ್ತಿರಲಿಲ್ಲ. ಪುಟ್ಟಮ್ಮಣ್ಣಿ ಅತ್ತು ಅತ್ತು ದನಿ ಕಟ್ಟಿಹೋಗಿತ್ತು.

‘ಬೆಳಿಗ್ಗೆ ಸೊಪ್ಪಾಕ್ದಾಗ ತಿಂದೊ ಕಣವ್ವ. ಆಮೇಲ್ ಬಂದ್ ನೋಡುದ್ರೆ ಗಪ್ ಅಂತ ಬಿದ್ದಿದ್ದೊ. ನಾಕ್ನೇ ಜ್ವರ ಮುಂಚೇಲೇ ಬಂದ್ಬುಡ್ತು ಅನ್ಕಂಡು ಬಾಗ್ಲಾಕ್ಕಂಡ್ ಹೋಗ್ಬುಟ್ಟೆ.’

ರೇಷ್ಮೆಯವರ ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಹೊತ್ತು. ಆಗ ಅದು ತಿನ್ನುವುದು ನಿಲ್ಲಿಸಿ ಅಲ್ಲಾಡದೆ ಕೂರುತ್ತದೆ, ಯಾರೂ ಮುಟ್ಟಬಾರದು. ಹೀಗಾಗಿ ಪುಟ್ಟಮ್ಮಣ್ಣಿ ಮುಟ್ಟಲಿಲ್ಲ, ಸೊಪ್ಪನ್ನೂ ತೆಗೆಯಲಿಲ್ಲ. ಹುಳ ಸಾಕುವವರು ಮಾತ್ರ ಮಾಡುವ ತಪ್ಪು ಅದು. ಅಷ್ಟು ಹೊತ್ತೂ ಹುಳಗಳು ಅದೇ ಸೊಪ್ಪಿನ ಮೇಲೇ ಬಿದ್ದಿದ್ದವು.

ಮೇಡಂ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಗಿಲ ಬೆಳಕಿಗೆ ಬಂದರು. ಭೂತಗನ್ನಡಿ ಹಿಡಿದರು. ‘ಜ್ವರಕ್ಕೆ ಕೂತ ಹುಳ ತಲೆ ಎತ್ತಿರುತ್ತೆ. ಇದು ಎತ್ತಿಲ್ಲ’ ಎಂದರು. ಇನ್ನೊಂದನ್ನು ಎತ್ತಿಕೊಂಡರು, ಮತ್ತೊಂದನ್ನು. ‘ವಾಂತಿ ಮಾಡಿಲ್ಲ. ಮೈ ಕುಗ್ಗಿಲ್ಲ. ಸುರುಳಿ ಸುತ್ತಿಕೊಂಡಿಲ್ಲ.’ ಹಾಗೆಂದವರೇ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. ಆಮೇಲೆ ನಮ್ಮನ್ನೆಲ್ಲ ಕೂಗಿ ಕರೆದರು.

‘ಬನ್ರಲಾ ಇಲ್ಲಿ! ಬಾರವ್ವ! ಬೆನ್ನ ನೋಡು, ಬೆನ್ನ!’

ನೋಡಿದೆ. ಹುಳದ ಬೆನ್ನ ಮಧ್ಯದಲ್ಲಿ, ತೆಳ್ಳನೆಯ ಚರ್ಮದ ಒಳಗೆ, ಒಂದು ಕಪ್ಪನೆಯ ಗೀರು. ಅದು ಬಾಲದ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ಅಗಲವಾಗುತ್ತಿತ್ತು, ಕಿರಿದಾಗುತ್ತಿತ್ತು. ನಿಧಾನ, ಆದರೆ ನಿಂತಿರಲಿಲ್ಲ.

‘ಅದು ಗುಂಡ್ಗೆ ಕಣವ್ವ! ಹುಳುಕ್ಕೆ ಗುಂಡ್ಗೆ ಇರಾದು ಬೆನ್ನಲ್ಲಿ. ಹೊಡ್ಕತಾ ಅದೆ! ನಿನ್ ಹುಳ ಸತ್ತಿಲ್ಲ!’

ಪುಟ್ಟಮ್ಮಣ್ಣಿ ತಾವೇ ಒಂದು ಹುಳ ಎತ್ತಿ ನೋಡಿದರು. ಇನ್ನೊಂದು ನೋಡಿದರು. ಹಿತ್ತಲಿನಲ್ಲಿ ಗುದ್ದಲಿಯ ಸದ್ದು ಇನ್ನೂ ಕೇಳುತ್ತಲೇ ಇತ್ತು. ‘ಅಯ್ಯೋ, ನಿಲ್ಸಿ ಅಂದ್ರೆ!’ ಎಂದು ಅವರು ಗಂಡನಿಗೆ ಕೂಗಿದ್ದು ಊರಿಗೇ ಕೇಳಿಸಿರಬೇಕು.

ಗಂಡ ಗುದ್ದಲಿ ಹಿಡಿದೇ ಬಂದರು. ಅವರದೂ ಒಂದು ನ್ಯಾಯವಿತ್ತು. ಇದು ರೋಗವಾಗಿದ್ದರೆ ಹುಳವನ್ನು ಇಟ್ಟುಕೊಂಡಷ್ಟೂ ಮನೆ ಕೆಡುತ್ತದೆ, ಮುಂದಿನ ಬೆಳೆಯೂ ಹೋಗುತ್ತದೆ, ಈಗಲೇ ಹೂತು ಬ್ಲೀಚಿಂಗ್ ಹೊಡೆಯಬೇಕು ಎಂದರು. ಮೇಡಂ ಅವರ ಮಾತನ್ನು ಪೂರ್ತಿ ಕೇಳಿದರು. ‘ರೋಗ ಆದರೆ ನೀವು ಹೇಳೋದೇ ಸರಿ. ಇದು ವಿಷ ಅನ್ಸುತ್ತೆ. ಆದರೆ ಯಾವ ವಿಷ ಅಂತ ಗೊತ್ತಾಗಬೇಕು. ಸೊಪ್ಪು ಎಲ್ಲಿಂದ ಕುಯ್ದಿರಿ?’

ಸೊಪ್ಪು ತಂದದ್ದು ಭತ್ತದ ಗದ್ದೆಯ ಬದುವಿಗೆ ಅಂಟಿಕೊಂಡ ಸಾಲುಗಳಿಂದ. ಹಿಂದಿನ ಸಂಜೆ ಆ ಗದ್ದೆಗೆ ಪಕ್ಕದವರು ಏನೋ ಹೊಡೆಯುತ್ತಿದ್ದುದನ್ನು ಪುಟ್ಟಮ್ಮಣ್ಣಿಯ ಯಜಮಾನರು ದೂರದಿಂದ ನೋಡಿದ್ದರು. ಏನು ಹೊಡೆದರು ಎಂದು ಗೊತ್ತಿಲ್ಲ. ಗದ್ದೆಯವನು ಬದನಗುಪ್ಪೆಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿದ್ದಾನೆ, ಒಳಗೆ ಫೋನು ಬಿಡುವುದಿಲ್ಲ.

ಆಗ ಗುರುಮಲ್ಲುವಿನ ಮುಖ ನೋಡಿದೆ. ಎಲೆ ಅಡಿಕೆ ಉಗಿದು ಬಂದಿದ್ದ. ಕೈಯಲ್ಲಿ ಟವಲನ್ನು ಹಿಂಡುತ್ತಿದ್ದ. ಅವನು ಸುಮ್ಮನಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

‘ಕಾರ್ಟಾಪು ಮೇಡಂ. ಕಾಂಡಕೊರಕ ಬಿದ್ದದೆ ಅಂದ. ಮೊನ್ನೆ ನಾನೇ ಕೊಟ್ಟೆ, ನಮ್ ಅಂಗಡೀಲೇ.’

ಮುಂದೆ ಆದದ್ದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಅಕ್ಕ ಕಲ್ಲಾಗಿ ತಮ್ಮನನ್ನೇ ನೋಡುತ್ತಿದ್ದರು. ಅದೇ ಕ್ಷಣಕ್ಕೆ ಮೇಡಂ ಪಟ್ ಎಂದು ಚಪ್ಪಾಳೆ ತಟ್ಟಿ ನಿಂತಲ್ಲೇ ಕುಣಿದುಬಿಟ್ಟರು.

‘ಭಲೆ ಕಣ್ಲಾ ಗುರುಮಲ್ಲು! ಬಂತು! ಅದೇ ಟವಲ್ ಜಾತೀದು! ಸೀಟ್ ಹಿಡ್ಕಂಡದೆ ಅಷ್ಟೆ ಕಣವ್ವ, ಸೀಟ್ ಕಿತ್ತಿಲ್ಲ. ಗುಂಡ್ಗೆ ತಾನಾಗೇ ಹೊಡ್ಕಳ್ತದೆ, ಅದುಕ್ಕೆ ಆ ಸೀಟಿನ ಹಂಗಿಲ್ಲ. ಮೈಯೊಳಗಿನ ವಿಷ ಕರಗ್ತಾ ಬಂದಂಗೆ ಟವಲ್ ಜಾರ್ತದೆ. ಏಳ್ಬೋದು! ಏಳ್ಬೋದು ಕಣವ್ವ!’

ಪುಟ್ಟಮ್ಮಣ್ಣಿಗೆ ಆ ಸಂತೋಷ ಮುಟ್ಟಲಿಲ್ಲ. ‘ನಮ್ ಬದಾನೇ ಅಂತ ಗೊತ್ತಿದ್ದೂ ಕೊಟ್ಯೇನ್ಲಾ? ಕೊಟ್ಮೇಲೆ, ಅಕ್ಕಾ ಆ ಸಾಲಿನ್ ಸೊಪ್ಪ ಕುಯ್ಬ್ಯಾಡ ಅಂತ ಒಂದ್ ಮಾತ್ ಯೋಳಕ್ಕೆ ಬಾಯಿರ್ನಿಲ್ವೇನ್ಲಾ?’

‘ಮರ್ತೋಯ್ತು ಅಕ್ಕಾ’ ಎಂದ ಗುರುಮಲ್ಲು.

‘ಉಳ ಎದ್ರೂ ಸರಿ, ಬುಟ್ರೂ ಸರಿ. ನನ್ ಹೊಸ್ಲು ತುಳೀಬ್ಯಾಡ.’

ಅವನು ತಲೆ ತಗ್ಗಿಸಿಕೊಂಡು ಹೊರಗೆ ಹೋದ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಮೇಡಂ ನನ್ನ ತೋಳು ಹಿಡಿದು ತಡೆದರು. ಆಮೇಲೆ ಪುಟ್ಟಮ್ಮಣ್ಣಿಯ ಎದುರು ನಿಂತು ಬಿಡಿಸಿ ಹೇಳಿದರು. ‘ನೋಡಿ ಅಮ್ಮಣ್ಣಿ, ಎಷ್ಟು ತಿಂದಿವೆಯೋ ನನಗೆ ಗೊತ್ತಿಲ್ಲ. ಜಾಸ್ತಿ ತಿಂದಿದ್ದರೆ ಏಳಲ್ಲ. ಏಳ್ತವೆ ಅಂತ ನಾನು ಮಾತು ಕೊಡಲ್ಲ. ಸತ್ತಿಲ್ಲ ಅಂತ ಮಾತ್ರ ಮಾತು ಕೊಡ್ತೀನಿ. ಉಳಿದದ್ದು ನಮ್ಮ ಕೈ ಕೆಲಸ.’

ಆ ಮಾತಿಗೆ ಪುಟ್ಟಮ್ಮಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡರು.

ಕಿಟಕಿ ಬಾಗಿಲು ಎಲ್ಲ ತೆಗೆಸಿದರು. ವಿಷದ ಸೊಪ್ಪನ್ನೆಲ್ಲ ಹೊರಗೆ ಹಾಕಿಸಿದರು. ಅರ್ಧ ತೋಡಿದ್ದ ಗುಂಡಿ ಆ ಸೊಪ್ಪಿಗೆ ಆಯಿತು. ಹೊಸ ಪೇಪರು ಹಾಸಿ, ಹುಳಗಳನ್ನು ಕೈಯಿಂದಲೇ ಎತ್ತಿ ಎತ್ತಿ ಅದರ ಮೇಲೆ ತೆಳ್ಳಗೆ ಹರಡಬೇಕು. ನಾನೂ ಕೂತೆ. ಔಷಧಿ ಮಾರಿ ಮಾರಿ ಅಷ್ಟು ವರ್ಷ ಹುಳ ಕೊಂದ ನನ್ನ ಕೈಗೆ ಹುಳ ಎಷ್ಟು ತಣ್ಣಗೆ, ಎಷ್ಟು ಮೆತ್ತಗೆ ಇರುತ್ತದೆ ಎಂದು ಅವತ್ತೇ ಗೊತ್ತಾಗಿದ್ದು. ಮೇಡಂ ಎತ್ತುವ ಪ್ರತಿ ಹುಳದ ಬೆನ್ನೂ ನೋಡುತ್ತಿದ್ದರು. ‘ಹೊಡ್ಕತಾ ಅದೆ, ಇದೂ ಹೊಡ್ಕತಾ ಅದೆ’ ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ಪುಟ್ಟಮ್ಮಣ್ಣಿ ಯಾವಾಗ ಅವರ ಜೊತೆ ದನಿಗೂಡಿಸಿದರೋ ನನಗೆ ತಿಳಿಯಲಿಲ್ಲ.

ಗುರುಮಲ್ಲು ಊರಾಚೆಯ ಇನ್ನೊಂದು ತೋಟದಿಂದ ಸೊಪ್ಪು ಕುಯ್ದು ಹೊರೆ ತಂದು ಹೊಸ್ತಿಲ ಆಚೆ ಇಟ್ಟ. ಪುಟ್ಟಮ್ಮಣ್ಣಿ ಬಂದು ಹೊರೆ ಎತ್ತಿಕೊಂಡರು, ಅವನ ಕಡೆ ನೋಡಲಿಲ್ಲ. ಸೊಪ್ಪನ್ನು ಹುಳಗಳ ಪಕ್ಕದಲ್ಲಿ ಇಟ್ಟೆವು. ಒಂದಾದರೂ ಮೂಸಿ ನೋಡಲಿಲ್ಲ. ಸಂಜೆಯಾದರೂ ಎಲ್ಲ ಬಿದ್ದ ಹಾಗೇ ಬಿದ್ದಿದ್ದವು. ಮೇಡಂ ಇಲ್ಲೇ ಉಳಿಯುತ್ತೇನೆ ಎಂದರು. ನಾನು ಗುಂಡ್ಲುಪೇಟೆಗೆ ಹಿಂದಿರುಗಿದೆ.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಲು ಮನಸ್ಸೇ ಬರಲಿಲ್ಲ. ಸೀದಾ ಕುದೇರಿಗೆ ವ್ಯಾನು ಬಿಟ್ಟೆ. ಗುರುಮಲ್ಲು ಅಕ್ಕನ ಮನೆಯ ಎದುರು, ರಸ್ತೆಯಾಚೆ ಕಲ್ಲಿನ ಮೇಲೆ ಕೂತಿದ್ದ. ಅವನ ಪಕ್ಕ ಮತ್ತೊಂದು ಹೊರೆ ಸೊಪ್ಪು. ‘ಏನಾಯ್ತಲಾ?’ ಎಂದೆ. ‘ಗೊತ್ತಿಲ್ಲ, ಯಾರೂ ಕರೀನಿಲ್ಲ’ ಎಂದ. ಆ ಹೊರೆಯನ್ನು ನಾನೇ ಹೊತ್ತುಕೊಂಡು ಒಳಗೆ ಹೋದೆ.

ಮೇಡಂ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತಿದ್ದರು. ತುರುಬಿನಲ್ಲಿ ಪೆನ್ನಿನ ಜೊತೆ ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಕೊಂಡಿತ್ತು. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟು, ಕಿವಿಗೊಡಿ ಎಂದು ಸನ್ನೆ ಮಾಡಿದರು.

ಮೊದಲು ನನಗೇನೂ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ಹುಳಗಳು ಹೊಟ್ಟೆಯ ಮೇಲಿದ್ದವು. ಮಗ್ಗುಲಾಗಿ ಬಿದ್ದವು ಕೆಲವೇ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಎಲೆಯ ಅಂಚಿಗೆ ಬಾಯಿ ಹಚ್ಚಿದ್ದವು. ಅವು ಮೇಯುವ ಸಣ್ಣ ಚರಚರ ಸದ್ದು ಸ್ಟ್ಯಾಂಡಿನ ಉದ್ದಕ್ಕೂ ಹಬ್ಬಿತ್ತು. ಎಲ್ಲವೂ ಏಳಲಿಲ್ಲ, ಬದುವಿನ ಸೊಪ್ಪು ದಟ್ಟವಾಗಿ ಬಿದ್ದಿದ್ದ ಮೂಲೆಯ ಹುಳಗಳು ಹೋಗಿಬಿಟ್ಟಿದ್ದವು. ಉಳಿದವೆಲ್ಲ ಎದ್ದಿದ್ದವು. ನನಗೆ ಜೋರಾಗಿ ಕೂಗಬೇಕೆನಿಸಿತು.

‘ಬೆಳಕರಿಯೋ ಹೊತ್ಗೆ ಒಂದು ತಲೆ ಎತ್ತಿತು’ ಎಂದರು ಮೇಡಂ ಪಿಸುಮಾತಿನಲ್ಲಿ. ‘ಅಮ್ಮಣ್ಣಿನೇ ಮೊದ್ಲು ನೋಡಿದ್ದು. ನಾನು ತೂಕಡಿಸ್ತಾ ಇದ್ದೆ, ಬೆನ್ನಿಗೊಂದು ಗುದ್ದಿ ಎಬ್ಬಿಸಿದರು!’ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಪುಟ್ಟಮ್ಮಣ್ಣಿ ನಾನು ತಂದ ಹೊರೆ ಬಿಚ್ಚಿ ಹರಡಿದರು. ಒಂದು ದಿನದ ಉಪವಾಸ ಮುರಿದ ಹುಳಗಳು. ಸೊಪ್ಪು ಹಾಕಿದ್ದೇ ತಡ, ಎಲೆ ಹೋಗಿ ನರ ಉಳಿಯುತ್ತಿತ್ತು. ಅವರು ಬರಿಗೈಯಲ್ಲಿ ನಿಂತು ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಆಮೇಲೆ ಬಾಗಿಲ ಕಡೆ ನಡೆದು, ಹೊಸ್ತಿಲ ಮೇಲೆ ನಿಂತರು.

‘ಏನ್ಲಾ ಅಲ್ಲೇ ಕುಂತಿದ್ದೀಯ?’ ಎಂದು ಪುಟ್ಟಮ್ಮಣ್ಣಿ ರಸ್ತೆಯಾಚೆಗೆ ಕೂಗಿದರು. ‘ಸೊಪ್ಪು ಸಾಲ್ದು. ಓಗು, ಕುಯ್ಕಂಡ್ ಬಾ.’

ಗುರುಮಲ್ಲು ಎದ್ದ. ಒಂದು ಗಳಿಗೆ ಅಕ್ಕನ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಊರಾಚೆಯ ತೋಟದ ಕಡೆ ಓಡಿದ. ಮೇಡಂ ಗೋಡೆಯ ಮೇಲಿದ್ದ ಕುಡುಗೋಲು ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ತಡಿಲಾ, ನಾನೂ ಬತ್ತೀನಿ!’ ಎಂದು ಅವನ ಹಿಂದೆಯೇ ಬೀದಿಗೆ ಬಿದ್ದು ಓಡಿದರು.